ಎರಡನೆಯ ಸ್ಪ್ರಿಂಗ್ ಚಾಕು

ಪುಸ್ತಕದಿಂದ ಚಿತ್ರ ಹರಿದುಕೊಂಡು ಹೋದವನನ್ನು ಅವನ ನಡಿಗೆಯಲ್ಲೇ ಗುರುತು ಹಿಡಿಯುತ್ತೇನೆ ಎಂದು ಬೈಂಡರಮ್ಮ ಹೇಳಿಕೊಳ್ಳುತ್ತಿದ್ದಳು. ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ಮೂವತ್ತೊಂದು ವರ್ಷ ಬೆನ್ನು ಬಿಟ್ಟ ಪುಸ್ತಕಗಳನ್ನು ಹೊಲಿದು, ಅಂಟು ಬಳಿದು, ರಟ್ಟು ಕಟ್ಟಿ ನಿವೃತ್ತಳಾದವಳು ಅವಳು. ಅಷ್ಟು ಕಾಲ ಹರಿದ ಹಾಳೆಗಳ ನಡುವೆ ಕೂತವಳಿಗೆ ಮನುಷ್ಯರ ಮೇಲೆ ಒಂದು ಬಗೆಯ ಗುಮಾನಿ ಅಂಟಿಕೊಂಡಿದ್ದರೆ ಆಶ್ಚರ್ಯವಿಲ್ಲ. ಹಿಂದಕ್ಕೆ ಬಂದ ಪುಸ್ತಕವನ್ನು ಮೊದಲು ಮೂಸುತ್ತಿದ್ದಳು, ಆಮೇಲೆ ಅದರ ಬೆನ್ನು ಸವರುತ್ತಿದ್ದಳು, ಆಮೇಲೆ ತಂದವರ ಮುಖವನ್ನು ದಿಟ್ಟಿಸುತ್ತಿದ್ದಳು. ಹತ್ತಕ್ಕೆ ಎಂಟು ಸಲ ಅವಳ ಊಹೆ ನಿಜವಾಗುತ್ತಿತ್ತು. ಉಳಿದ ಎರಡು ಸಲ ಏನಾಯಿತೆಂದು ಯಾರೂ ಕೇಳಿದವರಿಲ್ಲ.

ಅವಳಿಗೆ ಮಡಚುವ ಚಾಕುಗಳ ಹುಚ್ಚು ಹಿಡಿದದ್ದೂ ಆ ಕೋಣೆಯಲ್ಲೇ. ಚರ್ಮದ ಅಂಚನ್ನು ಕೆತ್ತಿ ತೆಳುಮಾಡಲೆಂದು ಹಳೆ ಸಾಮಾನಿನ ಅಂಗಡಿಯಲ್ಲಿ ಒಂದು ಪುಟ್ಟ ಚಾಕು ಕೊಂಡಿದ್ದಳು. ಅದು ಹಿಂದಿನ ಕಾಲದವರು ಬರೆಯುವ ಗರಿಯ ಮೊನೆ ಚೂಪು ಮಾಡಲು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ ಚಾಕು ಎಂದು ಯಾರೋ ಹೇಳಿದರು. ಅಷ್ಟೇ ಸಾಕಾಯಿತು. ತೋಟದವರು ಕಸಿ ಕಟ್ಟಲು ಬಳಸುವ ಬಾಗಿದ ಅಲಗಿನದು, ಹಡಗಿನವರು ಹಗ್ಗದ ಗಂಟು ಬಿಡಿಸುತ್ತಿದ್ದ ಮೊಳೆಯಿರುವುದು, ಕುದುರೆಯ ಗೊರಸಿನಿಂದ ಕಲ್ಲು ತೆಗೆಯುವ ಕೊಕ್ಕೆಯದು, ಹಣ್ಣು ಹೆಚ್ಚಲೆಂದೇ ಬೆಳ್ಳಿಯ ಅಲಗು ಕೂರಿಸಿದ್ದು. ಹೀಗೆ ಒಂದೊಂದಾಗಿ ಐವತ್ತೆಂಟಾದವು. ಒಂದೇ ಮನೆಯಲ್ಲಿದ್ದ ತಂಗಿ, ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಳಾದವಳು, ಅವನ್ನು ಮುಟ್ಟುತ್ತಲೂ ಇರಲಿಲ್ಲ, ಬೈಯುತ್ತಲೂ ಇರಲಿಲ್ಲ. ಅಕ್ಕ ಚಾಕು ಒರೆಸಲು ಕೂತಾಗ ಎದ್ದು ಇನ್ನೊಂದು ಕೋಣೆಗೆ ಹೋಗುತ್ತಿದ್ದಳು.

ಗ್ರಂಥಾಲಯಕ್ಕೆ ಹೊಸ ಓದುವ ಹಜಾರ ಕಟ್ಟಿದಾಗ ಗ್ರಂಥಪಾಲಕ ತಾನಾಗಿಯೇ ಬಂದು ಕೇಳಿದ. ಬಾಗಿಲ ಬಳಿ ಗಾಜಿನ ಬೀರು ಖಾಲಿ ನಿಂತಿದೆ, ನಿಮ್ಮ ಚಾಕುಗಳನ್ನು ಒಂದು ತಿಂಗಳು ಇಡೋಣವೇ ಎಂದ. ಬೈಂಡರಮ್ಮನಿಗೆ ಹಿಗ್ಗೋ ಹಿಗ್ಗು. ನೀಲಿ ಮಖಮಲ್ಲಿನ ಬಟ್ಟೆ ಹಾಸಿ, ಪ್ರತಿಯೊಂದರ ಕೆಳಗೂ ತನ್ನ ಕೈಬರಹದ ಚಿಕ್ಕ ಕಾರ್ಡು ಇಟ್ಟಳು. ಐವತ್ತೇಳು ಚಾಕು ಇಟ್ಟಳು. ಗುಂಡಿ ಒತ್ತಿದರೆ ಅಲಗು ಟಕ್ಕೆಂದು ಚಿಮ್ಮುವ ಎರಡು ಚಾಕು ಅವಳಲ್ಲಿದ್ದವು. ಅವುಗಳಲ್ಲಿ ಒಂದರ ಹಿಡಿ ಬಿರುಕು ಬಿಟ್ಟಿದ್ದರಿಂದ ಅದೊಂದನ್ನು ಮನೆಯಲ್ಲೇ ಉಳಿಸಿಕೊಂಡಳು.

ಒಂಬತ್ತನೆಯ ದಿನ ಪೊಲೀಸ್ ಠಾಣೆಯಿಂದ ಕಾಗದ ಬಂತು. ಚಿಮ್ಮುವ ಅಲಗಿನ ಎರಡು ಚಾಕುಗಳು ತಮ್ಮ ಬಳಿ ಇರುವುದಾಗಿ ತಿಳಿದುಬಂದಿದೆ, ಪ್ರದರ್ಶನವನ್ನು ತಕ್ಷಣ ನಿಲ್ಲಿಸಿ, ಬರುವ ವಾರ ಎಲ್ಲ ಚಾಕುಗಳೊಂದಿಗೆ ಹಾಜರಾಗತಕ್ಕದ್ದು ಎಂದಿತ್ತು. ಗ್ರಂಥಪಾಲಕ ಬೆವರು ಒರೆಸಿಕೊಳ್ಳುತ್ತ ಬೀರುವಿನ ಗಾಜಿಗೆ ಒಳಗಿಂದ ಹಳೆ ದಿನಪತ್ರಿಕೆ ಅಂಟಿಸಿದ.

ಬೈಂಡರಮ್ಮ ಕಾಗದವನ್ನು ಮೂರು ಸಲ ಓದಿದಳು. ಅವಳ ಕಣ್ಣು ನಿಂತದ್ದು ಕಾನೂನಿನ ಮಾತಿನ ಮೇಲಲ್ಲ, ‘ಎರಡು’ ಎಂಬ ಮಾತಿನ ಮೇಲೆ. ಬೀರುವಿನಲ್ಲಿ ಇದ್ದದ್ದು ಒಂದೇ. ಎರಡನೆಯದನ್ನು ಕಂಡವರು ಯಾರು? ಊರಿನಲ್ಲಿ ಅದನ್ನು ಕೈಯಲ್ಲಿ ಹಿಡಿದು ನೋಡಿದವನು ಒಬ್ಬನೇ: ಸಾಣೆಯವನು. ಕತ್ತರಿ, ಚಾಕುಗಳಿಗೆ ಸಾಣೆ ಹಿಡಿಯುವ ಸಣ್ಣ ಅಂಗಡಿ ಅವನದು. ಇಪ್ಪತ್ತು ವರ್ಷದಿಂದ ಅವಳ ಚಾಕುಗಳ ತುಕ್ಕು ಬಿಡಿಸಿ, ಎಣ್ಣೆ ಹಾಕಿ ಕೊಡುತ್ತಿದ್ದವನು. ಹಿಡಿ ಬಿರುಕು ಬಿಟ್ಟ ಆ ಚಾಕುವಿನ ಸ್ಪ್ರಿಂಗನ್ನು ಹೋದ ವರ್ಷ ಅವನೇ ಬಿಗಿ ಮಾಡಿ ಕೊಟ್ಟಿದ್ದ. ಅವನಿಗೆ ಅವಳ ಬಳಿಯಿದ್ದ ಜಿಂಕೆಕೊಂಬಿನ ಹಿಡಿಯ ಚಾಕುವಿನ ಮೇಲೆ ಕಣ್ಣಿದ್ದದ್ದೂ ಗೊತ್ತಿದ್ದದ್ದೇ. ಕೊಡುವುದಾದರೆ ನನಗೇ ಮೊದಲು ಹೇಳಿ ಎಂದು ಮೂರು ಸಲವಾದರೂ ಹೇಳಿದ್ದ. ಹೆದರಿಸಿದರೆ ಮಾರುತ್ತಾಳೆ ಅಂದುಕೊಂಡಿದ್ದಾನೆ, ಇದೇ ಇದರ ಗುಟ್ಟು ಎಂದು ಅವಳು ತೀರ್ಮಾನಿಸಿದಳು. ತಲೆಗೆ ಹೊಕ್ಕ ಹುಳ ಆಮೇಲೆ ಹೊರಗೆ ಬರಲೇ ಇಲ್ಲ. ಹಳೆಯದೆಲ್ಲ ಹೊಸ ಬಣ್ಣ ಪಡೆಯಿತು. ಪ್ರದರ್ಶನದ ಮೊದಲ ದಿನ ಅವನು ಬೀರುವಿನ ಮುಂದೆ ಅಷ್ಟು ಹೊತ್ತು ಏಕೆ ನಿಂತಿದ್ದ? ಚೆನ್ನಾಗಿದೆ ಎನ್ನುವಾಗ ಏಕೆ ನೆಲ ನೋಡುತ್ತಿದ್ದ?

ಮನೆಯಲ್ಲಿ ತಂಗಿಯ ಮುಂದೆ ಬೆಳಗ್ಗೆ ಸಂಜೆ ಅದೇ ಪುರಾಣ. ತಂಗಿ ಹ್ಞೂಂ ಅನ್ನುತ್ತಿದ್ದಳು, ಅಥವಾ ಅದೂ ಇಲ್ಲ.

ಸಾಣೆಯವನು ದಿನಾ ಹನ್ನೊಂದಕ್ಕೆ ಪತ್ರಿಕೆ ಓದಲು ಗ್ರಂಥಾಲಯಕ್ಕೆ ಬರುತ್ತಿದ್ದ. ಬೈಂಡರಮ್ಮ ಅಲ್ಲಿಗೇ ಹೋದಳು. ಉದ್ದನೆಯ ಮೇಜಿನ ಸುತ್ತ ಆರೇಳು ಜನ ಕೂತಿದ್ದರು. ಅವಳು ದನಿ ಏರಿಸಲಿಲ್ಲ. ಏರಿಸಿದ್ದರೇ ವಾಸಿಯಿತ್ತು ಎಂದು ಗ್ರಂಥಪಾಲಕ ಆಮೇಲೆ ಹೇಳುತ್ತಿದ್ದ.

"ಜಿಂಕೆಕೊಂಬಿನ ಚಾಕು ಬೇಕಿದ್ರೆ ಬಾಯಿಬಿಟ್ಟು ಕೇಳಬಹುದಿತ್ತು. ಠಾಣೆಗೆ ಕಾಗದ ಬರೆಯೋ ಕೆಲಸ ಯಾಕೆ ಮಾಡಿದ್ರಿ?"

ಸಾಣೆಯವನು ಕನ್ನಡಕ ತೆಗೆದ. "ಯಾವ ಕಾಗದ?"

ಎರಡನೆಯ ಚಾಕು ನೋಡಿದವರು ನೀವೊಬ್ಬರೇ ಎಂದಳು. ಅವನು ಅವಳನ್ನೇ ನೋಡಿದ, ಸುತ್ತ ಕೂತವರನ್ನು ನೋಡಿದ. ಅವರೆಲ್ಲ ಪತ್ರಿಕೆಯ ಹಿಂದೆ ಮುಖ ಮುಚ್ಚಿಕೊಂಡು ಕಿವಿ ನೆಟ್ಟಗೆ ಮಾಡಿಕೊಂಡಿದ್ದರು. ಅವನು ಪತ್ರಿಕೆ ಮಡಚಿ, ಮಡಿಕೆ ಸರಿಯಾಗಿ ಒತ್ತಿ, ಸ್ಟ್ಯಾಂಡಿನಲ್ಲಿ ಇಟ್ಟು ಹೊರಟುಹೋದ. ಇನ್ನೊಂದು ಮಾತೂ ಆಡದೆ ಹೋದದ್ದೇ ಸಾಕ್ಷಿ ಎಂದು ಬೈಂಡರಮ್ಮ ಅಂದುಕೊಂಡಳು.

ಮುಂದಿನ ವಾರ ಐವತ್ತೆಂಟು ಚಾಕುಗಳನ್ನು ಬಟ್ಟೆಯಲ್ಲಿ ಸುತ್ತಿ, ಬಿಸ್ಕತ್ತಿನ ಡಬ್ಬಿಗಳಲ್ಲಿ ತುಂಬಿ ಠಾಣೆಗೆ ಒಯ್ದಳು. ಅಧಿಕಾರಿ ಚಿಕ್ಕ ವಯಸ್ಸಿನ ಹೆಂಗಸು. ಸ್ಕೇಲು ಹಿಡಿದು ಒಂದೊಂದೇ ಅಲಗು ಅಳೆದಳು, ಒಂದೊಂದನ್ನೂ ಬಿಚ್ಚಿ ಮುಚ್ಚಿ ನೋಡಿದಳು. ಎರಡು ಗಂಟೆ ಹಿಡಿಯಿತು. ಕೊನೆಗೆ ಕೆಲಸ ಅಷ್ಟೇನೂ ಕೆಟ್ಟಿಲ್ಲ ಎಂದಳು. ಹಳೆಯ ಚಾಕುಗಳನ್ನು ಸಂಗ್ರಹಿಸುವುದು ಅಪರಾಧವಲ್ಲ. ಬೀಗ ಹಾಕಿದ ಗಾಜಿನ ಹಿಂದೆ ಇಟ್ಟರೆ ತೋರಿಸಲೂಬಹುದು. ಆದರೆ ಒಂದನ್ನೂ ಚೀಲದಲ್ಲೋ ಜೇಬಿನಲ್ಲೋ ಹಾಕಿಕೊಂಡು ಬೀದಿಯಲ್ಲಿ ತಿರುಗುವಂತಿಲ್ಲ. ಆನೆದಂತದ ಹಿಡಿಯದು ಎಲ್ಲಿಂದ ಬಂತು ಎಂಬುದಕ್ಕೆ ಕಾಗದಪತ್ರ ಸಿಗುವ ತನಕ ಮನೆಯ ಕಪಾಟಿನಲ್ಲೇ ಇರಲಿ. ಚಿಮ್ಮುವ ಎರಡನ್ನು ಮಾತ್ರ ಈಗಿರುವಂತೆ ತೋರಿಸುವುದಿರಲಿ, ಇಟ್ಟುಕೊಳ್ಳುವ ಹಾಗೂ ಇಲ್ಲ. ಒಳಗಿನ ಸ್ಪ್ರಿಂಗ್ ತೆಗೆಸಿ, ತೆಗೆದ ಕಸುಬುದಾರನಿಂದ ಬರೆಸಿಕೊಂಡು ಬಂದರೆ ಉಳಿಯುತ್ತವೆ. ಇಲ್ಲದಿದ್ದರೆ ಸರ್ಕಾರಕ್ಕೆ ಒಪ್ಪಿಸಬೇಕು.

ಬೈಂಡರಮ್ಮನ ಮನಸ್ಸು ಅದಾವುದರ ಮೇಲೂ ಇರಲಿಲ್ಲ. ದೂರು ಕೊಟ್ಟವರು ಯಾರು ಎಂದು ಕೇಳಿದಳು. ಅಧಿಕಾರಿ ಫೈಲು ತೆರೆದಳು. ಹೆಸರಿಲ್ಲ ಎಂದಳು. "ಅಸಲಿಗೆ ಇದು ದೂರೂ ಅಲ್ಲ. ಪ್ರಶ್ನೆ. ಇಂಥದ್ದು ಒಬ್ಬರ ಮನೇಲಿದ್ರೆ ಅವರನ್ನ ಹಿಡೀತಾರಾ ಅಂತ ಕೇಳಿದ್ದಾರೆ. ಇಲ್ಲಿಗೆ ಬಂದ ಮೇಲೆ ಎಲ್ಲಾನೂ ದೂರಿನ ಫೈಲಿಗೇ ಸೇರುತ್ತೆ. ಗ್ರಂಥಾಲಯದಲ್ಲಿ ಚಾಕು ಇಟ್ಟೋರು ನೀವೇ, ಹಾಗಾಗಿ ನಿಮಗೆ ಬರೆದ್ವಿ."

ಕಾಗದವನ್ನು ಕೈಗೆ ಕೊಡಲಿಲ್ಲ, ತಿರುಗಿಸಿ ತೋರಿಸಿದಳು. ಗುರುತು ಸಿಗದಿರಲೆಂದು ಬಿಡಿಬಿಡಿ ಅಕ್ಷರದಲ್ಲಿ ಬರೆದಿತ್ತು. ಒಂದು ಗ್ರಂಥಾಲಯದ ಬೀರುವಿನಲ್ಲಿದೆ, ಇನ್ನೊಂದು ಹೊಲಿಗೆ ಮಿಷನ್ನಿನ ಎಡಗಡೆಯ ಡ್ರಾಯರಿನಲ್ಲಿ, ಗುಂಡಿ ಡಬ್ಬಿಯ ಕೆಳಗಿದೆ ಎಂದಿತ್ತು. ಸಾಣೆಯವನು ಆ ಮನೆಯ ಹೊಸ್ತಿಲನ್ನು ಒಮ್ಮೆಯೂ ದಾಟಿದವನಲ್ಲ. ಹಾಳೆಯ ಎಡಕ್ಕೆ ಸ್ಕೇಲು ಇಟ್ಟು ಪೆನ್ಸಿಲಿನಿಂದ ಅಂಚಿನ ಗೆರೆ ಎಳೆದಿತ್ತು. ಹಾಲಿನವನಿಗೆ ಚೀಟಿ ಬರೆಯುವಾಗಲೂ ಹಾಗೆ ಗೆರೆ ಎಳೆಯುವವರು ಬೈಂಡರಮ್ಮನಿಗೆ ಒಬ್ಬರೇ ಗೊತ್ತು.

ಮನೆಗೆ ಬಂದಾಗ ತಂಗಿ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದಳು. ಅಕ್ಕನ ಮುಖ ನೋಡಿದವಳೇ ಕೈ ನಿಲ್ಲಿಸಿದಳು.

"ನಾನು ದೂರು ಕೊಡಲಿಲ್ಲ ಅಕ್ಕ. ಕೇಳಿದೆ ಅಷ್ಟೇ."

"ನನ್ನ ಕೇಳಬಾರದಿತ್ತಾ?"

"ಕೇಳಿದ್ರೆ ನೀನು ನಗ್ತಿದ್ದೆ. ನಾನು ಹೆದರಿದಾಗೆಲ್ಲ ನಕ್ಕಿದ್ದೀಯ."

ಚಿಮ್ಮುವ ಚಾಕು ಇಟ್ಟುಕೊಂಡಿದ್ದ ಮುದುಕನೊಬ್ಬನನ್ನು ಎಲ್ಲೋ ಹಿಡಿದರೆಂದು ಪತ್ರಿಕೆಯಲ್ಲಿ ಓದಿದ್ದಳಂತೆ. ಅಕ್ಕ ಎಷ್ಟೋ ಸಲ ಕೈಚೀಲದಲ್ಲೇ ಚಾಕು ಹಾಕಿಕೊಂಡು ಹೋಗುತ್ತಾಳೆ, ಈಗ ಊರಿಗೆಲ್ಲ ತೋರಿಸಲು ಹೊರಟಿದ್ದಾಳೆ ಎಂದು ನಿದ್ದೆ ಬಿಟ್ಟಿದ್ದಳು. ಹೆಸರಿಲ್ಲದೆ ಕೇಳಿದರೆ ಉತ್ತರ ಬರಲು ವಿಳಾಸವಾದರೂ ಎಲ್ಲಿ ಎಂಬುದು ಟಪಾಲಿಗೆ ಹಾಕಿದ ಮೇಲೆ ಹೊಳೆಯಿತಂತೆ. ಅದನ್ನು ಕೇಳಿ ಬೈಂಡರಮ್ಮನಿಗೆ ನಗು ಬರಬೇಕಿತ್ತು, ಬರಲಿಲ್ಲ.

"ಅದು ಹೋಗಲಿ. ವಾರವೆಲ್ಲ ನಾನು ಆ ಮನುಷ್ಯನನ್ನ ಬೈತಾ ಇದ್ದಾಗ ಇಲ್ಲೇ ಕೂತಿದ್ದೆಯಲ್ಲ, ಆಗ ಯಾಕೆ ಬಾಯಿ ಬಿಡಲಿಲ್ಲ?"

ತಂಗಿ ಬಟಾಣಿಯ ಬಟ್ಟಲು ಪಕ್ಕಕ್ಕೆ ಸರಿಸಿ, "ನೀನು ಅಷ್ಟು ಖಂಡಿತವಾಗಿ ಹೇಳ್ತಿದ್ದೆ. ಅವನೂ ಬರೆದಿರಬಹುದೇನೋ ಅಂತ ನನಗೇ ಅನ್ನಿಸೋಕೆ ಶುರುವಾಗಿತ್ತು" ಎಂದಳು.

ಆ ಮಾತು ಬೈಂಡರಮ್ಮನಿಗೆ ಎಲ್ಲಕ್ಕಿಂತ ಹೆಚ್ಚು ನಾಟಿತು. ಅವತ್ತು ಅಕ್ಕತಂಗಿಯರು ಬೇರೆ ಬೇರೆ ಊಟ ಮಾಡಿದರು.

ಸ್ಪ್ರಿಂಗ್ ತೆಗೆಯಬಲ್ಲ ಕಸುಬುದಾರ ಆ ಊರಲ್ಲಿ ಸಾಣೆಯವನೊಬ್ಬನೇ. ಬೇರೆ ಊರಿಗೆ ಒಯ್ಯಬಹುದಿತ್ತು. ಆ ಯೋಚನೆಯೂ ಬಂತು, ಬಂದದ್ದಕ್ಕೆ ನಾಚಿಕೆಯೂ ಆಯಿತು. ಮರುದಿನ, ಸ್ಪ್ರಿಂಗ್ ತೆಗೆಸಲು ಅಧಿಕಾರಿ ಬರೆದುಕೊಟ್ಟಿದ್ದ ಚೀಟಿ ಹಿಡಿದುಕೊಂಡು ಅಂಗಡಿಗೆ ಹೋದಳು. ಅವನು ಸಾಣೆಚಕ್ರದ ಮುಂದೆ ದರ್ಜಿಯ ಕತ್ತರಿ ಹಿಡಿದು ಕೂತಿದ್ದ. ಚಕ್ರ ನಿಲ್ಲಿಸಲಿಲ್ಲ. ಆ ಸದ್ದಿನಲ್ಲೇ ಅವಳು ನಡೆದದ್ದನ್ನೆಲ್ಲ ಹೇಳಿದಳು. ಬರೆದದ್ದು ತಂಗಿ ಎಂದಳು, ತಪ್ಪು ತನ್ನದು ಎಂದಳು.

ಕತ್ತರಿಯ ಎರಡೂ ಅಲಗು ಮುಗಿದ ಮೇಲೆ ಅವನು ಚಕ್ರ ನಿಲ್ಲಿಸಿದ.

"ಅವತ್ತು ಅಲ್ಲಿ ಎಷ್ಟು ಜನ ಇದ್ರು?"

"ಆರೇಳು."

"ನನಗೆ ಹೇಳಿದ್ರಿ, ಸರಿ. ಅವರಿಗೆ ಯಾರು ಹೇಳ್ತಾರೆ?"

ಮರುದಿನ ಹನ್ನೊಂದಕ್ಕೆ ಓದುವ ಹಜಾರದ ಮೇಜಿನ ತುದಿಯಲ್ಲಿ ನಿಂತಳು. ಅವತ್ತಿನವರಲ್ಲಿ ಐದು ಜನ ಇದ್ದರು, ಒಬ್ಬ ಹೊಸಬ. ಸಾಣೆಯವನು ಬಂದಿರಲಿಲ್ಲ, ಆ ಗಲಾಟೆಯಾದ ದಿನದಿಂದ ಬಂದೇ ಇಲ್ಲ ಎಂದು ಗ್ರಂಥಪಾಲಕ ಹೇಳಿದ. ತಾನು ಆಡಿದ್ದು ಸುಳ್ಳು, ಆ ಮನುಷ್ಯನ ತಪ್ಪು ಏನೂ ಇಲ್ಲ ಎಂದಳು ಬೈಂಡರಮ್ಮ. ಹಾಗಾದರೆ ಬರೆದವರು ಯಾರು ಎಂದು ಒಬ್ಬ ಕೇಳಿದ. ಅದು ನನ್ನ ಮನೆಯ ಮಾತು ಎಂದಳು. ಎಲ್ಲರೂ ಅವಳನ್ನು ನೋಡಿದ ನೋಟ ಅವಳಿಗೆ ಚೆನ್ನಾಗಿ ಪರಿಚಯವಿತ್ತು. ಪುಸ್ತಕ ಹಿಂದಿರುಗಿಸುವವರನ್ನು ತಾನು ಎಷ್ಟೋ ವರ್ಷ ನೋಡಿದ್ದ ನೋಟ ಅದು.

ಸುದ್ದಿ ಸಂಜೆಯೊಳಗೆ ಅಂಗಡಿ ಮುಟ್ಟಿತ್ತು. ಸಾಣೆಯವನು ಚಾಕುಗಳನ್ನು ಠಾಣೆಯಲ್ಲೇ ಬಿಚ್ಚುತ್ತೇನೆ, ಅಂಗಡಿಗೆ ತರಬೇಡಿ ಎಂದು ಹೇಳಿ ಕಳಿಸಿದ. ನಾಳೆ ಇನ್ನೇನಾದರೂ ತನ್ನ ತಲೆಗೇ ಕಟ್ಟಿಯಾರು ಎಂದು ಅವನಿಗೂ ಈಗ ಅನುಮಾನ ಹತ್ತಿತ್ತು. ಅಧಿಕಾರಿಯ ಮೇಜಿನ ಮೇಲೆ ಬಟ್ಟೆ ಹಾಸಿ, ಸಣ್ಣ ಉಳಿಯಿಂದ ಹಿಡಿಯ ಮೊಳೆ ಎಬ್ಬಿಸಿ, ಒಳಗಿನ ಬಾಗಿದ ಉಕ್ಕಿನ ಪಟ್ಟಿಯನ್ನು ಇಕ್ಕಳದಲ್ಲಿ ಎಳೆದು ತೆಗೆದ. ಮೊದಲನೆಯದು ಸಲೀಸಾಗಿ ಬಂತು. ಎರಡನೆಯದು, ಹೋದ ವರ್ಷ ಅವನೇ ಬಿಗಿ ಮಾಡಿದ್ದು, ಕಾಲು ಗಂಟೆ ಸತಾಯಿಸಿತು. ಆಮೇಲೆ ಬೈಂಡರಮ್ಮ ಗುಂಡಿ ಒತ್ತಿ ನೋಡಿದಳು. ಅಲಗು ಅಲುಗಲಿಲ್ಲ. ಉಗುರಿನಿಂದ ಎಬ್ಬಿಸಬೇಕಾಯಿತು. ಅವನು ಮುಖ ಆ ಕಡೆ ತಿರುಗಿಸಿದ. ಸಹಿ ಮಾಡುವ ಮೊದಲು ಬರೆದದ್ದನ್ನು ಬೈಂಡರಮ್ಮನಿಂದ ಎರಡು ಸಲ ಗಟ್ಟಿಯಾಗಿ ಓದಿಸಿದ, ತನಗೂ ಒಂದು ಪ್ರತಿ ಇಸಿದುಕೊಂಡ.

ಬೀರು ಮತ್ತೆ ತೆರೆಯಿತು, ಐವತ್ತೇಳು ಚಾಕುಗಳೊಂದಿಗೆ. ಬಿರುಕಿನ ಹಿಡಿಯದು ಬಂದಿತ್ತು, ದಂತದ ಹಿಡಿಯದು ಮನೆಯಲ್ಲಿತ್ತು. ತಂಗಿ ಮೊದಲ ಸಲ ಬಂದು ನೋಡಿದಳು. ಬೀಗವನ್ನು ಎಳೆದು ಪರೀಕ್ಷಿಸಿ, ಕೀಲಿಕೈ ಯಾರ ಬಳಿ ಇರುತ್ತದೆ ಎಂದು ಗ್ರಂಥಪಾಲಕನನ್ನೇ ನೇರವಾಗಿ ಕೇಳಿದಳು. ಅಕ್ಕ ನಗಲಿಲ್ಲ.

ಸಾಣೆಯವನು ಬಂದದ್ದು ಪ್ರದರ್ಶನದ ಕೊನೆಯ ವಾರ. ಒಂದೊಂದೇ ಕಾರ್ಡು ಓದುತ್ತ ಅರ್ಧ ಗಂಟೆ ನಿಂತ. ಬೈಂಡರಮ್ಮ ಆಚೆ ಬದಿಯ ಕುರ್ಚಿಯಿಂದ ಏಳಲಿಲ್ಲ. ಹೊರಡುವಾಗ ಅವನು ಅವಳ ಬಳಿ ಬಂದು, ಹಡಗಿನವರ ಚಾಕುವಿನ ಕಾರ್ಡಿನಲ್ಲಿ ಹಿಡಿ ಹಿತ್ತಾಳೆಯದು ಎಂದು ಬರೆದಿದ್ದೀರಿ, ಅದು ಕಂಚು ಎಂದಷ್ಟೇ ಹೇಳಿ ಹೋದ. ಅವಳು ಬೀಗ ತೆಗೆಸಿ, ಚಾಕುವನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಹೌದು, ಕಂಚೇ. ಅಲ್ಲೇ ಕೂತು ಹೊಸ ಕಾರ್ಡು ಬರೆದಳು.