ಈಜುಕೊಳವೊಂದನ್ನು ಬಿಟ್ಟು

ನಾನು ಚಿಕ್ಕವನಿದ್ದಾಗ, ಅಂದರೆ ಎರಡು ಸಾವಿರದ ಹತ್ತರ ದಶಕದಲ್ಲಿ, ಟೆಕ್ಸಸ್ಸಿನ ರೌಂಡ್ ರಾಕ್‌ನಲ್ಲಿ ನಮ್ಮ ಬೀದಿಯ ಮಕ್ಕಳೆಲ್ಲ ಸೇರಿ ಜಗಳ ಬಿಡಿಸುವ ಸಂಘವೊಂದನ್ನು ಕಟ್ಟಿದ್ದೆವು. ಆ ಸಂಘದ ಮೇಲೆ ನನಗೆ ಇವತ್ತಿಗೂ ಸಿಟ್ಟು. ತಲೆ ಬೆಳ್ಳಗಾದ ಮೇಲೂ ಇದೆಂಥ ಹಟ ತಾತ, ಅಂತೀರೇನೋ. ಅನ್ನಿ, ಅನ್ನಿ. ಪೂರ್ತಿ ಕೇಳಿಸಿಕೊಂಡು ಆಮೇಲೆ ಅನ್ನಿ.

ನಮ್ಮ ಮನೆಗಳ ಹಿಂದೆ ಮಳೆನೀರು ನಿಲ್ಲಲೆಂದು ತೋಡಿದ ದೊಡ್ಡ ತಗ್ಗೊಂದಿತ್ತು. ಮಳೆ ಬಂದರೆ ತಾನೇ ನೀರು? ವರ್ಷದ ಬಹುಪಾಲು ಅದು ಒಣಗಿ ಬಿದ್ದಿರುತ್ತಿತ್ತು. ಅದೇ ನಮ್ಮ ಕ್ರಿಕೆಟ್ ಮೈದಾನ. ಸೆಪ್ಟೆಂಬರ್ ಬಂದರೂ ಬಿಸಿಲಿನ ಸೊಕ್ಕು ಇಳಿಯುತ್ತಿರಲಿಲ್ಲ. ಸುಟ್ಟ ಹುಲ್ಲಿನ ವಾಸನೆ ಮೂಗಿಗೆ ಅಡರುತ್ತಿತ್ತು, ನಿಂತಲ್ಲೇ ನಿಂತರೆ ಕೆಂಪಿರುವೆಗಳು ಕಾಲು ಹತ್ತಿ ಕಚ್ಚಿ ಗುಳ್ಳೆ ಎಬ್ಬಿಸುತ್ತಿದ್ದವು. ಆದರೂ ಸ್ಕೂಲ್ ಬಸ್ಸಿನಿಂದ ಇಳಿದವರೇ ನಾವು ಅಲ್ಲಿಗೆ ಓಡುತ್ತಿದ್ದೆವು.

ನನ್ನ ಬ್ಯಾಟನ್ನು ಮೈಸೂರಿನಿಂದ ನನ್ನ ತಾತ, ಅಂದರೆ ಅಪ್ಪನ ಅಪ್ಪ, ಸೂಟ್‌ಕೇಸಿನಲ್ಲಿ ಓರೆಯಾಗಿ ತುರುಕಿ ತಂದಿದ್ದರು. ಆ ಬೇಸಿಗೆಯೆಲ್ಲ ನಮ್ಮ ಹಿತ್ತಿಲಲ್ಲಿ ಕೂತು ಅದಕ್ಕೆ ಅಗಸೆ ಎಣ್ಣೆ ಸವರಿದರು. ಹಳೇ ಚೆಂಡನ್ನು ಕಾಲುಚೀಲಕ್ಕೆ ಹಾಕಿ ಟಕ್ ಟಕ್ ಎಂದು ಬ್ಯಾಟಿಗೆ ಕುಟ್ಟಿ ಕುಟ್ಟಿ ಹದ ಮಾಡಿದರು. ಇಡೀ ಮನೆ ಎಣ್ಣೆ ವಾಸನೆ. ಊರಿಗೆ ಹೊರಡುವಾಗ ನನಗೆ ಹೇಳಿದ್ದು ಒಂದೇ ಮಾತು: "ನೀರು ಮಾತ್ರ ತಾಗಿಸ್ಬೇಡ ಮಗು. ನೀರು ಕುಡಿದ್ರೆ ಬ್ಯಾಟು ಸತ್ತ ಹಾಗೆ."

ಸಂಘ ಕಟ್ಟಿದವಳು ನನ್ನ ಅಕ್ಕ. ಅವಳ ಹೈಸ್ಕೂಲಿನಲ್ಲಿ ಚರಿತ್ರೆಯ ಪ್ರಾಜೆಕ್ಟ್ ಕೊಟ್ಟಿದ್ದರು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, ಇನ್ನು ಹೀಗೆ ಹೊಡೆದಾಡಿ ಸಾಯುವುದು ಬೇಡವೆಂದು ದೇಶಗಳು ಸೇರಿ ಕಟ್ಟಿಕೊಂಡ ರಾಷ್ಟ್ರಗಳ ಸಂಘದ ಬಗ್ಗೆ ಬರೆಯಬೇಕಿತ್ತು. ಕೆಲಸ ಇಬ್ಬರಿಗೆ ಹಂಚಿಕೆಯಾಗಿತ್ತು. ಸಂಘವನ್ನು ಹೇಗೆ ಕಟ್ಟಿದರು ಅನ್ನುವ ಭಾಗ ಅಕ್ಕನದು. ಅದು ಹೇಗೆ ಕೆಲಸ ಮಾಡಿತು ಅನ್ನುವ ಭಾಗ ಅವಳ ಗೆಳತಿಯದು. ಅಕ್ಕ ತನ್ನ ಭಾಗವನ್ನು ಮಾತ್ರ ಓದಿದ್ದಳು. ಓದಿ ಮರುಳಾಗಿಬಿಟ್ಟಿದ್ದಳು.

"ಎಷ್ಟು ಚೆನ್ನಾಗಿದೆ ಗೊತ್ತೇನೋ! ಎಲ್ಲಾ ದೇಶಾನೂ ಕೂತ್ಕೊಳ್ಳೋ ಒಂದು ದೊಡ್ಡ ಸಭೆ, ಚಿಕ್ಕ ದೇಶಕ್ಕೂ ಒಂದೇ ವೋಟು, ದೊಡ್ಡ ದೇಶಕ್ಕೂ ಒಂದೇ ವೋಟು. ಬೇಗ ಡಿಸೈಡ್ ಮಾಡಕ್ಕೆ ಬಲವಾದ ದೇಶಗಳಿರೋ ಒಂದು ಚಿಕ್ಕ ಮಂಡಳಿ. ಕೆಲಸ ನೋಡ್ಕೊಳ್ಳಕ್ಕೆ ಒಂದು ಆಫೀಸು."

"ಯಾರಾದ್ರೂ ಹೊಡೆದ್ರೆ? ಪೊಲೀಸ್ ಇರ್ತಾರಾ?" ಎಂದು ಕೇಳಿದೆ.

"ಪೊಲೀಸು, ಸೈನ್ಯ ಏನೂ ಇಲ್ಲ. ಎಲ್ಲಾರೂ ಸೇರಿ ಅವ್ರ ಜೊತೆ ವ್ಯಾಪಾರ ನಿಲ್ಲಿಸ್ಬಿಡ್ತಾರೆ. ನಾವು ಟೂ ಬಿಡಲ್ವಾ, ಹಾಗೆ."

ಹಾಗೆ ಮೂಲೆಮನೆಯ ಗ್ಯಾರೇಜಿನಲ್ಲಿ ನಮ್ಮ ಸಂಘ ಶುರುವಾಯಿತು. ಪ್ರತಿ ಮನೆಗೂ ಒಂದು ವೋಟು. ಮೂಲೆಮನೆಯ ಹುಡುಗಿ ಗಂಟೆ ಬಾರಿಸಿ ಸಭೆ ಕರೆಯುವ ಕಾರ್ಯದರ್ಶಿ. ಚಿಕ್ಕ ಮಂಡಳಿಯಲ್ಲಿ ಅಕ್ಕ, ಆ ಹುಡುಗಿ, ಇನ್ನೊಂದಿಬ್ಬರು ದೊಡ್ಡ ಮಕ್ಕಳು. ಜೊತೆಗೆ ಮೇಲಿನ ಬೀದಿಯ ಎತ್ತರದ ಹುಡುಗ. ಅವನ ಅಪ್ಪ ಅಮ್ಮ ಬೆಂಗಳೂರಿನವರೇ, ಅವನ ಅಪ್ಪ ನಮ್ಮ ಅಪ್ಪನಿಗೆ ಆಫೀಸಿನಲ್ಲಿ ಮೇಲಿನವರು. ಸುತ್ತಮುತ್ತ ಹಿತ್ತಿಲಲ್ಲಿ ಈಜುಕೊಳವಿದ್ದದ್ದು ಅವರ ಮನೆಯಲ್ಲಿ ಮಾತ್ರ. ಹುಡುಗ ಮಹಾ ಪುಂಡ. ಅವನೇಕೆ ಎಂದರೆ, "ಬಲವಾದವ್ರನ್ನ ಒಳಗೇ ಕೂರಿಸ್ಕೋಬೇಕು, ಆಗ ಗಲಾಟೆ ಮಾಡಲ್ಲ" ಎಂದಳು ಅಕ್ಕ. ಮಂಡಳಿಯಲ್ಲಿ ಒಬ್ಬರು ಒಪ್ಪದಿದ್ದರೂ ತೀರ್ಮಾನ ಬಿದ್ದುಹೋಗುತ್ತಿತ್ತು. ಅದೂ ಆ ದೊಡ್ಡ ಸಂಘದ್ದೇ ನಿಯಮ.

ಮೊದಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಇಬ್ಬರು ಪುಟ್ಟ ಹುಡುಗಿಯರು ನಿಂಬೆ ಪಾನಕದ ಮೇಜನ್ನು ಯಾರ ಮನೆ ಮುಂದೆ ಇಡಬೇಕೆಂದು ಜುಟ್ಟು ಹಿಡಿದು ಕಿತ್ತಾಡುತ್ತಿದ್ದರು. ಸಂಘ ಸೇರಿ, ಸರದಿಯಂತೆ ಇಡಲು ಇಬ್ಬರನ್ನೂ ಒಪ್ಪಿಸಿತು. ಎಲ್ಲರಿಗೂ ಒಂದೊಂದು ಲೋಟ ಪಾನಕ ಸಿಕ್ಕಿತು. ಸಂಘವೆಂದರೆ ಹೀಗಿರಬೇಕು ಎಂದು ನಾನೂ ಜಂಬಪಟ್ಟೆ.

ಒಂದು ಶುಕ್ರವಾರ ಆ ಎತ್ತರದ ಹುಡುಗ ತಗ್ಗಿಗೆ ಇಳಿದು ಬಂದ. ನನ್ನ ಕೈಯಿಂದ ಬ್ಯಾಟು ಕಿತ್ತುಕೊಂಡ. ಬಿಡದೆ ಜೋತುಬಿದ್ದೆ. ಎದೆಗೆ ಕೈಯಿಟ್ಟು ತಳ್ಳಿದ. "ದಿಸ್ ಈಸ್ ಮೈನ್ ನೌ" ಎಂದು ಹೆಗಲ ಮೇಲಿಟ್ಟುಕೊಂಡು ಹೊರಟುಹೋದ. ಮಂಡಳಿಯ ಸದಸ್ಯ, ನೋಡಿ! ಅಳು ಬಂದರೂ ನಾನು ಹೆದರಲಿಲ್ಲ. ನಮಗೆ ಸಂಘವಿದೆಯಲ್ಲ ಅಂದುಕೊಂಡೆ.

ಶನಿವಾರ ಬೆಳಿಗ್ಗೆ ಸಭೆ ಕರೆದರು. ಅಕ್ಕ ಹೊರಡುತ್ತಿದ್ದಳು. ಕಾಫಿ ಕುಡಿಯುತ್ತಿದ್ದ ಅಪ್ಪ ಯಾರ ಮೇಲೆ ದೂರು ಎಂದು ಕೇಳಿದರು. ಹೆಸರು ಕೇಳಿದ್ದೇ ಲೋಟ ಕೆಳಗಿಟ್ಟರು.

"ನೀನು ಹೋಗ್ಬೇಡ."

"ಅಪ್ಪಾ, ಸಂಘ ಮಾಡಿದ್ದೇ ನಾನು!"

"ಯಾರಾದ್ರೂ ಮಾಡ್ಲಿ. ಅವರಪ್ಪನ ಮುಖ ನಾನು ದಿನಾ ನೋಡ್ಬೇಕು. ಮಕ್ಕಳು ಮಕ್ಕಳು ಏನಾದ್ರೂ ಮಾಡ್ಕೊಳ್ಳಿ. ನೀನು ದೊಡ್ಡವಳು, ನೀನು ಹೋದ್ರೆ ನಾನೇ ಕಳಿಸಿದ ಹಾಗಾಗುತ್ತೆ. ಊರ ಉಸಾಬರಿ ನಮಗ್ಯಾಕೆ?"

"ಊರ ಉಸಾಬರಿ ಅಲ್ಲ ಅಪ್ಪಾ, ಇವನ ಬ್ಯಾಟು!"

ಅಪ್ಪ ಮತ್ತೆ ಕಾಫಿ ಲೋಟ ಎತ್ತಿಕೊಂಡರು. ಅಕ್ಕ ದಡಾರನೆ ಬಾಗಿಲು ಹಾಕಿಕೊಂಡಳು. ನಾನೊಬ್ಬನೇ ಹೋದೆ.

ಗ್ಯಾರೇಜು ಕಾದ ಹಂಚಿನಂತಾಗಿತ್ತು. ರಬ್ಬರು ಟೈರುಗಳ ವಾಸನೆ, ಎಲ್ಲರ ಕುತ್ತಿಗೆಯಲ್ಲಿ ಬೆವರು. ಅಕ್ಕನ ಕುರ್ಚಿ ಖಾಲಿ. ಎತ್ತರದ ಹುಡುಗ ನನ್ನ ಬ್ಯಾಟನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದ. ಏನು ಧೈರ್ಯ! ನಾನು ಎದ್ದು ನಿಂತು ನಡೆದದ್ದನ್ನು ಹೇಳಿದೆ. ತಾತ ಎಣ್ಣೆ ಹಚ್ಚಿದ್ದನ್ನೂ ಹೇಳಿದೆ. ಬ್ಯಾಟು ವಾಪಸ್ ಕೊಡಬೇಕು ಎನ್ನುವವರು ಕೈ ಎತ್ತಿ ಎಂದಳು ಕಾರ್ಯದರ್ಶಿ. ಮಂಡಳಿಯಲ್ಲಿ ಎಲ್ಲರೂ ಎತ್ತಿದರು, ಅವನೊಬ್ಬನನ್ನು ಬಿಟ್ಟು. "ಐ ಸೇ ನೋ" ಎಂದ. ತೀರ್ಮಾನ ಬಿದ್ದುಹೋಯಿತು. ಅವನು ನಗುತ್ತಾ ಎದ್ದು, ಬ್ಯಾಟಿನಿಂದ ಗ್ಯಾರೇಜಿನ ನೆಲವನ್ನು ಕುಟ್ಟುತ್ತಾ ಹೊರಗೆ ನಡೆದ. ನಮ್ಮ ಸಂಘಕ್ಕೆ ಇನ್ನು ಬರುವುದಿಲ್ಲವೆಂದೂ ಹೇಳಿಹೋದ.

"ಹಾಗಾದ್ರೆ ಅವನಿಗೆ ಟೂ ಬಿಡೋಣ" ಎಂದಳು ಕಾರ್ಯದರ್ಶಿ. ಅವನೊಡನೆ ಆಟವಿಲ್ಲ, ಮಾತಿಲ್ಲ, ಬಸ್ಸಿನಲ್ಲಿ ಪಕ್ಕದ ಸೀಟಿಲ್ಲ. ಎಲ್ಲರೂ ಹೂಂ ಹೂಂ ಅಂದರು. ಆಗ ಹಿಂದಿನಿಂದ ಯಾರೋ ಕೇಳಿದರು, "ವಾಟ್ ಅಬೌಟ್ ದ ಪೂಲ್?"

ಎಲ್ಲರೂ ಬಾಗಿಲಾಚೆ ನೋಡಿದರು. ಹೊರಗೆ ರಸ್ತೆಯ ಟಾರು ಬಿಸಿಲಿಗೆ ಮಿನುಗುತ್ತಿತ್ತು. ಕೊನೆಗೆ ಈಜುಕೊಳವೊಂದನ್ನು ಬಿಟ್ಟು ಮಿಕ್ಕೆಲ್ಲಕ್ಕೂ ಟೂ ಎಂದು ತೀರ್ಮಾನವಾಯಿತು. ಥೂ! ಅದಕ್ಕೆ ಮಾತ್ರ ಒಂದು ಕೈಯೂ ಕೆಳಗಿರಲಿಲ್ಲ.

ಮಧ್ಯಾಹ್ನ ಮೇಲಿನ ಬೀದಿಯಿಂದ ಕೇಕೆ ಕೇಳಿಸಿತು. ಹೋಗಿ ಅವರ ಮರದ ಬೇಲಿಯ ಸಂದಿಗೆ ಕಣ್ಣಿಟ್ಟೆ. ನಮ್ಮ ಸಂಘ ಅಷ್ಟೂ ನೀರಿನಲ್ಲಿತ್ತು. ಪಾನಕದ ಹುಡುಗಿಯರು, ಗಂಟೆ ಬಾರಿಸುವ ಕಾರ್ಯದರ್ಶಿ, ಎಲ್ಲರೂ. ಎತ್ತರದ ಹುಡುಗ ಗಾಳಿ ತುಂಬಿದ ತೆಪ್ಪದ ಮೇಲೆ ಕೂತು ಹುಟ್ಟು ಹಾಕುತ್ತಿದ್ದ. ಹುಟ್ಟು ಯಾವುದು ಗೊತ್ತೇ? ನನ್ನ ಬ್ಯಾಟು. "ನೀರಿಂದ ತೆಗಿಯೋ!" ಎಂದು ಕಿರುಚಿದೆ. ಬೇಲಿಗೆ ಗುದ್ದಿದೆ. ಕೆಲವರು ನನ್ನ ಕಡೆ ನೋಡಿದರು. ನೋಡಿ, ಮುಳುಗು ಹಾಕಿದರು.

ಅಳುತ್ತಾ ಮನೆಗೆ ಓಡಿದೆ. ಅಕ್ಕ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಗೆಳತಿಯ ಭಾಗ ಆಗತಾನೇ ಬಂದಿತ್ತು. ನಾನು ಬಿಕ್ಕುತ್ತಾ ಹೇಳಿದ್ದನ್ನು ಕೇಳಿ ಅವಳ ಮುಖ ಕೆಂಪಾಯಿತು. ಲ್ಯಾಪ್‌ಟಾಪ್ ಎತ್ತಿಕೊಂಡು ಸೀದಾ ಅಪ್ಪನ ಮುಂದೆ ನಿಂತಳು.

"ಕೇಳಿ ಅಪ್ಪಾ. ಚಿಕ್ಕಪುಟ್ಟ ದೇಶಗಳ ಜಗಳ ಆ ಸಂಘ ಚೆನ್ನಾಗೇ ಬಿಡಿಸ್ತಂತೆ. ದೊಡ್ಡವರು ನುಗ್ಗಿದಾಗ ಅದರ ಕೈಲಿ ಏನೂ ಆಗ್ಲಿಲ್ಲ. ಜಪಾನ್ ಪಕ್ಕದ ದೇಶದ ಮಂಚೂರಿಯಾ ನುಂಗ್ತು, ತಪ್ಪು ಅಂದಿದ್ದಕ್ಕೆ ಎದ್ದು ಹೋಯ್ತು. ಇಟಲಿ ಅಬಿಸೀನಿಯಾ ಅನ್ನೋ ಬಡ ದೇಶದ ಮೇಲೆ ಬಿತ್ತು. ಇಟಲಿ ಜೊತೆ ವ್ಯಾಪಾರ ನಿಲ್ಲಿಸಿದ್ರು, ಪೆಟ್ರೋಲಿಗೆ ಬೇಕಾದ ಎಣ್ಣೇನೇ ಬಿಟ್ಟು. ಅಬಿಸೀನಿಯಾದ ರಾಜ ತಾನೇ ಬಂದು ಸಭೇಲಿ ನಿಂತು ಬೇಡ್ಕೊಂಡ್ರೂ ಯಾರೂ ಕದಲಲಿಲ್ಲ. ಸಂಘ ಮಾಡೋಣ ಅಂತ ಓಡಾಡಿದ್ದು ಅಮೆರಿಕದ ಪ್ರೆಸಿಡೆಂಟು. ಅವರ ದೇಶವೇ ಸೇರ್ಲಿಲ್ಲ. ನಮಗ್ಯಾಕೆ ಅಂದ್ರಂತೆ. ನಿಮ್ಮ ಹಾಗೇ!"

"ಕೂಗ್ಬೇಡ" ಎಂದರು ಅಪ್ಪ. ಆಮೇಲೆ ನನ್ನನ್ನು ನೋಡಿ, "ಬ್ಯಾಟು ನೀರಲ್ಲಿತ್ತಾ?" ಎಂದು ಕೇಳಿದರು. ನಾನು ತಲೆಯಾಡಿಸಿದೆ. ಅಪ್ಪ ಚಪ್ಪಲಿ ಮೆಟ್ಟಿ ಹೊರಟರು. ನಾವು ಹಿಂದೆಯೇ ಓಡಿದೆವು.

ಬಾಗಿಲು ತೆರೆದದ್ದು ಆಂಟಿ, ಆ ಹುಡುಗನ ಅಮ್ಮ. ವಿಷಯ ಕೇಳಿ ನಕ್ಕುಬಿಟ್ಟರು. "ಅಯ್ಯೋ, ಇಷ್ಟಕ್ಕೆ ನೀವು ಬರ್ಬೇಕಿತ್ತಾ? ಹುಡುಗ್ರು ಅಲ್ವಾ! ಹೊಸಾದು ಆರ್ಡರ್ ಮಾಡಿ ಕೊಡ್ತೀವಿ ಬಿಡಿ."

"ಹೊಸಾದು ಬೇಡ ಮೇಡಂ" ಎಂದರು ಅಪ್ಪ. "ಅದನ್ನ ಹದ ಮಾಡಿದ್ದು ನಮ್ಮಪ್ಪ. ಅದೇ ಬೇಕು. ಈಗಲೇ."

ಹುಡುಗ ತಂದು ಅಪ್ಪನ ಕಾಲ ಬಳಿ ಎಸೆದ. ಬ್ಯಾಟಿನ ತುದಿ ನೆನೆದು ಊದಿಕೊಂಡಿತ್ತು. ಎಣ್ಣೆಯ ವಾಸನೆ ಹೋಗಿ ಕ್ಲೋರಿನ್ ನಾರುತ್ತಿತ್ತು. ಅಪ್ಪ ಅದನ್ನು ನೆರಳಿನಲ್ಲಿ ಒಣಗಿಸಿದರು, ಬಟ್ಟೆ ಸುತ್ತಿದರು, ಟೇಪು ಹಾಕಿದರು. ಒಣಗಿದಂತೆಲ್ಲ ಅದು ಬಿರುಕು ಬಿಡುತ್ತಾ ನಡುವಿನವರೆಗೆ ಸೀಳಿತು. ಆ ಮನೆಯವರಿಗೂ ನಮಗೂ ಮತ್ತೆ ಮಾತುಕತೆ ನಡೆಯಲಿಲ್ಲ. ಸಂಘದವರ ಜೊತೆ ನಾನು ಆಡಲೂ ಇಲ್ಲ.

ಈಗ ನಿಮ್ಮ ಕಾಲ ನೋಡಿ. ಆಡಲು ನೆರಳಿರುವ ಅಂಗಳ, ಕೆಂಪಿರುವೆಯ ಕಾಟವಿಲ್ಲ, ಯಾರ ಸರದಿ ಯಾವಾಗ ಎಂದು ಫೋನೇ ಹೇಳುತ್ತದೆ. ಜಾಗಕ್ಕೆ ಜಗಳವೇ ಇಲ್ಲ. ಪುಣ್ಯವಂತ ಮಕ್ಕಳು ಅಂದುಕೊಂಡಿದ್ದೆ. ನಿನ್ನೆ ಕಿಟಕಿಯಲ್ಲಿ ಕೂತು ನಾವೆಲ್ಲ ನೋಡಿದೆವಲ್ಲ, ಕೆಳಗೆ ಆ ದೊಡ್ಡ ಹುಡುಗ ಪುಟ್ಟ ಹುಡುಗಿಯ ಸ್ಕೂಟರ್ ಕಿತ್ತುಕೊಂಡದ್ದನ್ನು? "ತಾತಾ, ಇಟ್ಸ್ ನಾಟ್ ಅವರ್ ಬಿಸಿನೆಸ್" ಅಂದಿರಿ. ನಾನು ರೇಗಿದೆ, ನೀವು ಮುಖ ಊದಿಸಿಕೊಂಡಿರಿ. ಯಾಕೆ ರೇಗಿದೆ ಅಂತ ಈಗ ಗೊತ್ತಾಯಿತೇ?

ಅಪ್ಪ ಹೋದದ್ದು ಮಧ್ಯಾಹ್ನ. ಬೆಳಿಗ್ಗೆಯೇ ಹೋಗಿದ್ದರೆ ನನ್ನ ಬ್ಯಾಟು ಒಣಗಿಯೇ ಇರುತ್ತಿತ್ತು. ಕೆಳಗೆ ನೋಡಿ, ಆ ಹುಡುಗಿ ಇವತ್ತೂ ಬಂದು ನಿಂತಿದ್ದಾಳೆ. ಆ ಹುಡುಗ ಅವಳ ಸ್ಕೂಟರನ್ನೇ ಓಡಿಸುತ್ತಿದ್ದಾನೆ, ಅದು ಇನ್ನೂ ಮುರಿದಿಲ್ಲ. ಏಳಿ, ಚಪ್ಪಲಿ ಹಾಕಿಕೊಳ್ಳಿ.