ಅಣ್ಣನ ಮನೆಯ ಬಾಗಿಲು ತೆಗೆದವನು

ಅಪ್ಪ, ಅವ್ವ ತೀರಿಕೊಂಡ ಮೇಲೆ ಲಂಡನ್ನಿನ ಕೊಲಿಂಡೇಲ್‌ನಲ್ಲಿದ್ದ ಅಣ್ಣನ ಫ್ಲಾಟೇ ನನಗೆ ತವರುಮನೆ. ಅಣ್ಣ ಡಾಕ್ಟರ್. ನಾನು ಧಾರವಾಡದಲ್ಲಿ ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಮದುವೆಯಾಗಿ ಲಂಡನ್ನಿಗೆ ಬಂದು, ಕಿಂಗ್ಸ್‌ಬರಿಯ ಮನೆಯಲ್ಲಿ ಕೂತು ನಮ್ಮವರ ಬ್ಲೌಸು ಹೊಲಿಯುತ್ತಿದ್ದೆ. ನಾಗರಪಂಚಮಿ ಬಂದರೆ ಉಂಡಿಯ ಡಬ್ಬಿ ಹಿಡಿದು ಅಣ್ಣನ ಮನೆಗೆ ಬಸ್ಸು ಹತ್ತುತ್ತಿದ್ದೆ. ತೊಂಬತ್ತರ ದಶಕದ ನಡುವೆ ಒಂದು ಪಂಚಮಿಗೆ ಬೆಲ್ ಒತ್ತಿದಾಗ ಬಾಗಿಲು ತೆಗೆದದ್ದು ಅಣ್ಣನಲ್ಲ. ಕೆಂಚುಗೂದಲಿನ ಒಬ್ಬ ಇಂಗ್ಲಿಷಿನವನು, ಕೈಯೆಲ್ಲ ಹಿಟ್ಟು ಮಾಡಿಕೊಂಡು ನಿಂತಿದ್ದ.

ಅಣ್ಣ ಮುಚ್ಚಿಡಲಿಲ್ಲ. "ಇಂವಾ ನನ್ನ ಪಾರ್ಟ್‌ನರ್. ಗೆಳೆಯಾ ಅಂತ ತಿಳಕೋಬ್ಯಾಡ. ಕಡೀತನಕ ಕೂಡೇ ಇರಾವ್ರು ನಾವು," ಎಂದ.

ನನಗೆ ಅಸಹ್ಯವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ನನಗಾದದ್ದು ಹೊಟ್ಟೆಕಿಚ್ಚು. ಜೀರಿಗೆ ಡಬ್ಬಿ ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು, ನಾನು ಹುಡುಕಬೇಕಾಗಿತ್ತು. ಸಣ್ಣವನಿದ್ದಾಗ ತನ್ನ ತಾಟಿಗೆ ನಾನು ಕೈ ಹಾಕಿದರೆ ಹೊಡೆಯುತ್ತಿದ್ದ ಅಣ್ಣ ಈಗ ಅವನು ಅರ್ಧ ತಿಂದಿಟ್ಟ ಹೋಳಿಗೆ ಎತ್ತಿಕೊಂಡು ತಿನ್ನುತ್ತಿದ್ದ. ನಾನು ಮುಖ ತಿರುಗಿಸಿದ್ದನ್ನು ನೋಡಿ ನಕ್ಕ.

"ನಿನಗ ಯಾವ ಅತ್ತಿಗಿ ಬಂದಿದ್ರೂ ಹಿಂಗ ಉರಕೊಂಡ ಸಾಯತಿದ್ದಿ ಬಿಡ."

"ಅಡ್ಡಾಡೋ ಕಂಬ ಇದ್ದಂಗ ಅದಾನ. ಅಂವಾ ಎಲ್ಲಿಂದ ಅತ್ತಿಗಿ ಆಗ್ತಾನ?"

ಅಣ್ಣ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಅವನೂ ನಕ್ಕ. ಅದಕ್ಕೂ ನನಗೆ ಸಿಟ್ಟು ಬಂತು.

ತವರಿಗೆ ಬಂದ ಹೆಣ್ಣುಮಗಳು ಹೊರಡುವಾಗ ಅತ್ತಿಗೆ ಉಡಿ ತುಂಬಿ ಕಳಿಸಬೇಕು. ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿ, ಬ್ಲೌಸಿನ ಖಣ ಹಾಕುತ್ತಾರೆ. ಕೆಲವು ವರ್ಷಗಳ ನಂತರದ ಒಂದು ಪಂಚಮಿಗೆ, ನಾನು ಮಳೆಕೋಟು ಹಾಕಿಕೊಳ್ಳುವಷ್ಟರಲ್ಲಿ ಅವನು ಅಡುಗೆಮನೆಯಿಂದ ಪ್ಲಾಸ್ಟಿಕ್ ಜಗ್ಗಿನ ತುಂಬ ಅಕ್ಕಿ ಹಿಡಿದು ಬಂದ. ಬಗಲಲ್ಲಿ ಕಾಯಿ. ಮೇಲೆ ನಮ್ಮ ಕಡೆಯ ಖಣ. ಅದನ್ನು ಎಲ್ಲಿಂದ ತರಿಸಿದ್ದನೋ! "ತಂಗಿ, ಉಡಿ," ಎಂದ. ಅಷ್ಟು ಮಾತು ಕಲಿತಿಟ್ಟುಕೊಂಡಿದ್ದ.

ನಾನು ಸೆರಗು ಒಡ್ಡಲಿಲ್ಲ. ಸೊಂಟಕ್ಕೆ ಬಿಗಿದುಕೊಂಡೆ.

"ಗಂಡಸರು ಉಡಿ ತುಂಬಂಗಿಲ್ಲ," ಎಂದೆ.

"ಮತ್ತ ಈ ಮನ್ಯಾಗ ಯಾರ ತುಂಬಬೇಕು? ಹೇಳು," ಎಂದ ಅಣ್ಣ. ಅವನ ದನಿ ಗಟ್ಟಿ ಇರಲಿಲ್ಲ. ನಾನು ಚಪ್ಪಲಿ ಮೆಟ್ಟಿ ಲಿಫ್ಟಿಗೆ ಹೋದೆ.

ಅದೇ ವರ್ಷ ಚಳಿಗಾಲದ ಒಂದು ಭಾನುವಾರ ಸಂಜೆ ಇಬ್ಬರೂ ಕೈ ಹಿಡಿದುಕೊಂಡು ಟ್ಯೂಬ್ ಸ್ಟೇಷನ್ನಿನಿಂದ ಮನೆಗೆ ನಡೆಯುತ್ತಿದ್ದಾಗ ಕೆಲವು ಹುಡುಗರು ಬೈಯುತ್ತ ಬೆನ್ನು ಹತ್ತಿದರು. ಹಿಡಿದ ಕೈ ನೋಡಿಯೇ ಹೊಡೆದರು. ಅಣ್ಣನ ತಲೆ ಫುಟ್‌ಪಾತಿಗೆ ಬಡಿಯಿತು. ಬಿಡಿಸಲು ಹೋದ ಅವನ ಮುಂಗೈ ಮುರಿಯಿತು. ಪೊಲೀಸರು ಫೋನ್ ಮಾಡಿದಾಗ ನಾನು ಆಸ್ಪತ್ರೆಗೆ ಓಡಿದೆ.

ಅವನು ಕಾರಿಡಾರಿನ ಕುರ್ಚಿಯಲ್ಲಿದ್ದ. ಅಂಗಿಯ ಮೇಲೆ ಅಣ್ಣನ ರಕ್ತ. ನರ್ಸ್ ಅವನನ್ನು ತೋರಿಸಿ, ಇವರು ಪೇಶಂಟಿಗೆ ಏನಾಗಬೇಕು ಎಂದು ನನ್ನನ್ನು ಕೇಳಿದಳು. ನನ್ನ ಇಂಗ್ಲಿಷ್ ಕಮ್ಮಿ, ಆದರೆ ಹೇಳಬೇಕಾದ ಮಾತು ಗೊತ್ತಿತ್ತು. ಅಣ್ಣನೇ ಕಲಿಸಿದ್ದ, ಪಾರ್ಟ್‌ನರ್ ಎಂದು. ಆದರೂ "ಲಾಡ್ಜರ್," ಎಂದೆ. ಬಾಡಿಗೆಗೆ ಇರುವವನು. ಹಾಗಾದರೆ ಮನೆಯವರು ಮಾತ್ರ ಒಳಗಿರಲಿ ಎಂದಳು. ನಾನು ತಲೆಯಾಡಿಸಿದೆ.

ಅಣ್ಣನನ್ನು ಬರೀ ಒಬ್ಬ ಸ್ನೇಹಿತ ಕಿತ್ತುಕೊಂಡ ಎಂದು ನನಗೆ ಯಾವತ್ತೂ ಅನಿಸಿರಲಿಲ್ಲ. ಅತ್ತಿಗೆಯ ಮೇಲೆ ಉರಿಯುವಂತೆಯೇ ಅವನ ಮೇಲೆ ಉರಿದಿದ್ದೆ. ಹೊಟ್ಟೆಯೊಳಗೆ ಒಪ್ಪಿಕೊಂಡದ್ದನ್ನು ನರ್ಸಿನ ಮುಂದೆ ಇಲ್ಲ ಎಂದೆ.

ಮರುದಿನ ಮಧ್ಯಾಹ್ನ ಅಣ್ಣನಿಗೆ ಒಮ್ಮೆ ಎಚ್ಚರವಾಯಿತು, ಒಂದು ಮಾತಾಡಿದ. ಸಂಜೆಗೆ ಹೋಗಿಬಿಟ್ಟ. ಹೊರಗೆ ಬಂದು ನಾನು ಕಾರಿಡಾರಿನಲ್ಲಿದ್ದ ಅವನಿಗೆ, "ಕಣ್ಣೇ ತೆರೆಯಲಿಲ್ಲ," ಎಂದೆ. ನಮ್ಮ ಕನ್ನಡದವರಿಗೆ, ಪಾಕೀಟಿನ ಆಸೆಗೆ ಕಳ್ಳರು ಕೊಂದರು ಎಂದೆ. ಹಾಗಾಗಿ ಮನೆಗೆ ಬಂದವರೆಲ್ಲ ಲಂಡನ್ನಿನ ಕಳ್ಳರನ್ನು ಬೈದು ಚಹಾ ಕುಡಿದು ಹೋದರು.

ಅಣ್ಣನಂತೆ ಸತ್ತವರನ್ನು ನೆನೆಯಲು ನಗರದ ನಡುವಿನ ಚೌಕದಲ್ಲಿ ಪ್ರತಿ ವರ್ಷ ಮೇಣದಬತ್ತಿ ಹಚ್ಚುತ್ತಾರೆ. ಅವನು ಪ್ರತಿ ಸಲವೂ ಫೋನ್ ಮಾಡಿ ಕರೆಯುತ್ತಿದ್ದ. ನಾನು ಹೋದದ್ದು ಬಹಳ ವರ್ಷಗಳ ಮೇಲೆ. ಅಷ್ಟರಲ್ಲಿ ಅವರಂಥ ಜೋಡಿಗಳು ಕೌನ್ಸಿಲ್ ಆಫೀಸಿನಲ್ಲಿ ಹೆಸರು ಬರೆಸಿಕೊಳ್ಳುವ ಕಾನೂನು ಬಂದಿತ್ತು. ಅವನು ಮೈಕಿನಲ್ಲಿ, "ಕಾಗದ ಸಿಕ್ಕಿತು. ಕೈ ಹಿಡಿದು ರಸ್ತೆಯಲ್ಲಿ ನಡೆಯಲು ಈಗಲೂ ಹಿಂದೆ ತಿರುಗಿ ನೋಡಬೇಕು," ಎಂದ. ಆಮೇಲೆ, ಅಂದು ಆಸ್ಪತ್ರೆಯವರು ತನ್ನನ್ನು ಹೊರಗೆ ಕೂರಿಸಿದ್ದನ್ನು ಹೇಳಿದ. ಜನ ಆಸ್ಪತ್ರೆಗೆ ಛೀಮಾರಿ ಹಾಕಿದರು. ಗುರುತಿಲ್ಲದವರೂ ಬಂದು ಅವನನ್ನು ಅಪ್ಪಿಕೊಂಡರು. ಸ್ವಂತ ತಂಗಿ ನಾನು ಹಿಂದೆ ನಿಂತಿದ್ದೆ, ನನ್ನನ್ನು ಯಾರೂ ಅಪ್ಪಿಕೊಳ್ಳಲಿಲ್ಲ. ನಾಚಿಕೆಗಿಂತ ಮೊದಲು ಬಂದದ್ದು ಮತ್ತೆ ಅದೇ ಉರಿ. ಅಳುವ ಹಕ್ಕೂ ಇವನಿಗೇ ಹೋಯಿತಲ್ಲ ಎನಿಸಿತು.

ಜನ ಚದುರಿದ ಮೇಲೆ ಅವನ ಪಕ್ಕ ಬೆಂಚಿನಲ್ಲಿ ಕೂತೆ.

"ಆಸ್ಪತ್ರೆಯವರಲ್ಲ," ಎಂದೆ ನನ್ನ ಮುರುಕು ಇಂಗ್ಲಿಷಿನಲ್ಲಿ. "ನಾನು. ಲಾಡ್ಜರ್ ಅಂತ ಹೇಳಿದವಳು ನಾನು."

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಹಗುರಾಗುತ್ತಿತ್ತು. ಕೈಯಲ್ಲಿದ್ದ ಮೇಣದಬತ್ತಿ ಆರಿಸಿ ಬೆಂಚಿನ ಮೇಲಿಟ್ಟ. ಆಮೇಲೆ, "ಅವನಿಗೆ ನಿಜವಾಗಿಯೂ ಎಚ್ಚರ ಬರಲೇ ಇಲ್ಲವಾ?" ಎಂದು ಕೇಳಿದ.

ಇಲ್ಲ ಎಂದಿದ್ದರೆ ಅಣ್ಣನ ಕೊನೆಯ ಮಾತು ನನ್ನೊಬ್ಬಳದಾಗಿಯೇ ಉಳಿಯುತ್ತಿತ್ತು. ಇಷ್ಟು ವರ್ಷ ಅದನ್ನೊಂದನ್ನು ಅವನಿಗೆ ಕೊಡದೆ ಇಟ್ಟುಕೊಂಡಿದ್ದೆ.

"ಬಂದಿತ್ತು. ನಿನ್ನನ್ನು ಕೇಳಿದ."

"ಏನಂತ? ಅವನು ಹೇಳಿದ ಹಾಗೇ ಹೇಳು."

"ಅಂವಾ ಉಂಡಾನೇನ?"

ಅರ್ಥ ಹೇಳಿದೆ. ಅವನು ಮುಖ ಮುಚ್ಚಿಕೊಂಡು ಅತ್ತ. ಅಳುತ್ತಲೇ ಆ ಎರಡು ಶಬ್ದಗಳನ್ನು ತನ್ನ ತೊದಲು ನಾಲಿಗೆಯಲ್ಲಿ ಮತ್ತೆ ಮತ್ತೆ ಹೇಳಿಕೊಂಡ. ತಪ್ಪು ಹೇಳಿದಾಗ ನಾನು ತಿದ್ದಿದೆ.

ಅಣ್ಣ ನನ್ನ ಬಗ್ಗೆ ಏನಾದರೂ ಕೇಳಿದನೇ ಎಂದು ಅವನು ಕೇಳಲಿಲ್ಲ. ಅಣ್ಣ ಕೇಳಿರಲಿಲ್ಲ ಎಂದು ನಾನೂ ಹೇಳಲಿಲ್ಲ.