ಏರಿ ಎಂದು ಕೂಗಿದವಳು

ಪ್ರೇಮಲತಾ ಬಹರೈನ್ ಮಹಿಳಾ ಕ್ರಿಕೆಟ್ ತಂಡವನ್ನು ಗೆಲ್ಲಿಸಿದ ಮಾರನೇ ದಿನವೇ ಮಾನಂದವಾಡಿ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಎದ್ದಿತು: 'ವಯನಾಡಿನ ಹೆಮ್ಮೆಯ ಮಗಳು'. ಒಳ್ಳೆಯದೇ. ಆದರೆ ಈ ಮಗಳು ಕರ್ನಾಟಕದ ಗಡಿಗಂಟಿದ ಬಾವಲಿಯವಳು, ಮನೆಯಲ್ಲಿ ಕನ್ನಡ ಆಡುವವಳು, ಆ ಕನ್ನಡಕ್ಕಾಗಿಯೇ ಫ್ಲೆಕ್ಸ್ ಕಟ್ಟಿದ ನೀವೆಲ್ಲ ಅವಳನ್ನು ನೋಡಿ ನಕ್ಕಿದ್ದಿರಿ ಎಂಬುದನ್ನು ಯಾವ ಫ್ಲೆಕ್ಸೂ ಹೇಳುವುದಿಲ್ಲ. ಹಾಗಾಗಿ ಇಲ್ಲಿ ಹೇಳಬೇಕಾಗಿದೆ.

ಬಾವಲಿಯಲ್ಲಿ ಭತ್ತ ಹಾಲುಗಟ್ಟಿದರೆ ಆನೆ ಬರುತ್ತದೆ. ಗದ್ದೆ ಕಾಯುವವರು ಮರದ ಮೇಲೆ ಕಟ್ಟಿಕೊಂಡ ಗುಡಿಸಲಿಗೆ ಮಾಡ ಎನ್ನುತ್ತಾರೆ. ಆನೆ ಕಂಡವರು ಕೂಗುವುದು ಒಂದೇ ಮಾತು: "ಏರಿ!" ಗದ್ದೆಯಲ್ಲಿ ಹಿರಿಯರೂ ಇರುತ್ತಾರಲ್ಲ, ಜೀವ ಹೋಗುವ ಹೊತ್ತಿನಲ್ಲೂ ಬರೀ 'ಏರು' ಎಂದರೆ ಮರ್ಯಾದೆಗೇಡು. ಅಜ್ಜಿ ಸಣ್ಣಮ್ಮನ ಸೆರಗು ಹಿಡಿದು ಓಡುತ್ತ ಪ್ರೇಮಲತಾ ಕಲಿತ ಮೊದಲ ಕೂಗು ಅದು.

ಶಾಲೆ ಮಲಯಾಳಂ. ಸೇರಿದ ಹೊಸತರಲ್ಲಿ ಆಟದ ಮಾಷ್ (ನಮ್ಮ ಮೇಷ್ಟ್ರು) ಸೋಮನ್, ಚೆಂಡು ಹಿಡಿದು ಪೆಚ್ಚಾಗಿ ನಿಂತಿದ್ದ ಈ ಹುಡುಗಿಗೆ "ಎರಿ!" ಎಂದು ಕೂಗಿದರು. ಮಲಯಾಳಂನಲ್ಲಿ ಹಾಗೆಂದರೆ 'ಎಸೆ'. ಇವಳಿಗೆ ಕೇಳಿಸಿದ್ದು 'ಏರಿ'. ಚೆಂಡನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮೈದಾನದಂಚಿನ ಹಲಸಿನ ಮರ ಏರಿ ಕೂತುಬಿಟ್ಟಳು! ಮಕ್ಕಳು ಬಿದ್ದು ಬಿದ್ದು ನಕ್ಕರು. ಮಾಷೂ ನಕ್ಕರು. "ಎಡೀ ಕನ್ನಡತ್ತೀ, ಆನ ಪೋಯೋ?" ಆನೆ ಹೋಯಿತೇನೇ ಎಂಬ ಆ ಲೇವಡಿ ಹೈಸ್ಕೂಲು ಮುಗಿಯುವವರೆಗೂ ಬೆನ್ನು ಬಿಡಲಿಲ್ಲ.

ಅಂದು ಮನೆಯಲ್ಲಿ ಅಜ್ಜಿ ಕೇಳಿದಳು: "ಯಾಕವ್ವ ಮರ ಏರ್ದೆ?"

"ಮಾಷ್ ಹೇಳ್ದ್ರು ಅಜ್ಜಿ. ಏರಿ ಅಂತ ಮರ್ಯಾದೆ ಕೊಟ್ಟೇ ಹೇಳ್ದ್ರು."

"ಮೂಗು ಸುರಿಸ್ಕೊಂಡು ತಿರ್ಗೋಳ್ಗೆ ಯಾರವ್ವ ಕೊಟ್ಟಾರು ಮರ್ಯಾದೆ! ಅಲ್ಲೇ ಗೊತ್ತಾಗ್ಬೇಕಿತ್ತು ನಿಂಗೆ."

ಹುಡುಗಿ ಎಸೆಯುವುದನ್ನೂ ಕಲಿತಳು, ಹೊಡೆಯುವುದನ್ನೂ ಕಲಿತಳು. ಕೇರಳ ತಂಡದ ಆಯ್ಕೆಗೆ ಹೋದಾಗ ಒಬ್ಬ ಮಹಾಶಯರು, "ನಿಮ್ಮ ಕರ್ನಾಟಕಕ್ಕೇ ಹೋಗಿ ಆಡು" ಎಂದರು. ಗಡಿ ದಾಟಿ ಹೋದರೆ ಅಲ್ಲಿನ ಮಹಾಶಯರು, "ನೀನು ಕೇರಳದವಳಲ್ಲವಾ?" ಎಂದರು. ಹುಟ್ಟಿದ ಊರಿನಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಎರಡು ರಾಜ್ಯಗಳಿಗೆ ಬೇಡವಾದವಳನ್ನು ಕೊನೆಗೆ ಬೇಕೆಂದದ್ದು ಸಮುದ್ರದಾಚೆಯ ಒಂದು ಪುಟ್ಟ ದ್ವೀಪ. ನಾಚಿಕೆ ಯಾರಿಗಾಗಬೇಕು?

ಬಹರೈನಿಗೆ ಅವಳು ಹೋದದ್ದು ಹಲ್ಲಿನ ಕ್ಲಿನಿಕ್ಕಿನ ಸಹಾಯಕಿಯಾಗಿ. ಶುಕ್ರವಾರ ರಜೆ. ಖಾಲಿ ಪಾರ್ಕಿಂಗ್ ಜಾಗದಲ್ಲಿ ಟೇಪು ಸುತ್ತಿದ ಚೆಂಡಿನ ಆಟ. ವರ್ಷಗಟ್ಟಲೆ ಹಾಗೆ ಆಡಿ, ಅಲ್ಲಿ ನೆಲೆಸಿದವಳೆಂಬ ಅರ್ಹತೆ ಪಡೆದು, ಆ ದೇಶದ ಕೆಂಪು ಅಂಗಿ ತೊಟ್ಟಳು. ಅಲ್ಲಿ ಯಾರೂ ಅವಳ ಮಾತಿನ ಊರು ಕೇಳಲಿಲ್ಲ, ಓಟ ಎಷ್ಟು ಹೊಡೆದೆ ಎಂದಷ್ಟೇ ಕೇಳಿದರು.

ಆ ಕೊನೆಯ ಅರ್ಹತಾ ಪಂದ್ಯ ಇನ್ನೊಂದು ಕೊಲ್ಲಿ ದೇಶದ ಮೇಲೆ. ಗೆದ್ದರೆ ಏಷ್ಯಾ ಮಟ್ಟದ ಟೂರ್ನಿ. ಸೋತರೆ ಮೂವತ್ತನಾಲ್ಕರ ಪ್ರೇಮಲತಾಳ ಆಟ ಅಲ್ಲಿಗೇ ಮುಗಿಯಿತು. ಕೋಚ್ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಕೊನೆಯ ಎಸೆತಕ್ಕೆ ಎರಡು ಓಟ ಬೇಕಿತ್ತು. ಬ್ಯಾಟು ಇವಳ ಕೈಯಲ್ಲಿ. ಆ ಬದಿಗೆ ಹೆಗ್ಗಡದೇವನಕೋಟೆಯ ಭಾಗ್ಯಲಕ್ಷ್ಮಿ, ಇವಳಿಗಿಂತ ಹಿರಿಯಳು, ಮಂಡಿನೋವಿನವಳು.

ಚೆಂಡು ಕವರ್ ಕಡೆ ಹೋಯಿತು. ಒಂದು ಓಟ ಆಯಿತು. ಎದುರಾಳಿ ತಂಡದ ರೇಷ್ಮ ಎಂಬ ಮಲಯಾಳಿ ಹುಡುಗಿ ಚೆಂಡೆತ್ತಿಕೊಂಡು, ಕೀಪರ್ ವಿಕೆಟ್ ಹತ್ತಿರ ಬರಲೆಂದು ಕಾಯುತ್ತಿದ್ದಳು. ಭಾಗ್ಯಲಕ್ಷ್ಮಿ ನಿಂತೇಬಿಟ್ಟಿದ್ದಳು. ಆಗ ಪ್ರೇಮಲತಾಳ ಗಂಟಲಿನಿಂದ ಬಂದದ್ದು ಬಾವಲಿಯ ಗದ್ದೆ: "ಏರಿ ಅಕ್ಕಾ, ಏರಿ!"

ರೇಷ್ಮಳ ಕಿವಿಗೆ ಅದು 'ಎರಿ'. ತನ್ನವರೇ ಎಸೆ ಎಂದರೆಂದು ಎಸೆದೇಬಿಟ್ಟಳು. ವಿಕೆಟ್ ಬಳಿ ಹಿಡಿಯುವವರು ಯಾರೂ ಇರಲಿಲ್ಲ. ಚೆಂಡು ತಪ್ಪಿ ಆಚೆಗೆ ಉರುಳಿತು. ಎರಡನೇ ಓಟವೂ ಆಯಿತು.

ಎದುರಾಳಿ ನಾಯಕಿ ಸಿಡಿದೆದ್ದಳು. ಮಲಯಾಳಂನಲ್ಲಿ ಕೂಗಿ ಮೋಸ ಮಾಡಿದ್ದಾಳೆ! ಬೇಕೆಂದೇ ದಾರಿ ತಪ್ಪಿಸಿದ್ದರೆ ಬ್ಯಾಟರ್ ಔಟು, ಆ ಓಟವೂ ಇಲ್ಲ. ಅಂಪೈರ್ ಕೇಳಿದರು, ಏನು ಕೂಗಿದೆ?

"ಮೇಲೆ ಏರಿ ಅಂದೆ."

"ಈ ಬಯಲಲ್ಲಿ ಎಲ್ಲಿಗೆ ಏರೋದು?"

ಪ್ರೇಮಲತಾ ಬಾಯಿ ತೆರೆದಳು. ಆನೆ, ಮಾಡ, ಅಜ್ಜಿ... ಯಾವ ಇಂಗ್ಲಿಷಿನಲ್ಲಿ ಹೇಳುವುದು? ಅಂಪೈರ್ ರೇಷ್ಮಳತ್ತ ತಿರುಗಿದರು. ರೇಷ್ಮ ಅಳುತ್ತಿದ್ದಳು. ಒಂದು ಸುಳ್ಳು ಸಾಕಿತ್ತು ಅವಳಿಗೆ. ಹೇಳಲಿಲ್ಲ.

"ಅವಳು 'ಅಕ್ಕಾ' ಅಂದಳು ಸರ್. ನಮ್ಮಲ್ಲಾದರೆ 'ಚೇಚೀ' ಅಂತೀವಿ. ಅವಳು ಕರೆದದ್ದು ಅವಳ ಜೊತೆಗಾತಿಯನ್ನ. ತಪ್ಪು ಕೇಳಿಸಿಕೊಂಡದ್ದು ನಾನು."

ಅಂಪೈರ್ ಓಟ ಕೊಟ್ಟರು. ಬಹರೈನ್ ಗೆದ್ದಿತು. ಪ್ರೇಮಲತಾ ಮೊದಲು ಓಡಿಹೋಗಿ ತಬ್ಬಿಕೊಂಡದ್ದು ಭಾಗ್ಯಲಕ್ಷ್ಮಿಯನ್ನಲ್ಲ, ರೇಷ್ಮಳನ್ನು.

ರಜೆಗೆ ಬಂದಾಗ ಮಾನಂದವಾಡಿಯಲ್ಲಿ ಸನ್ಮಾನ. ಸಂಘಟಕರು ಮೊದಲೇ ಕಿವಿಯಲ್ಲಿ ಉಸುರಿದ್ದರು: ಮಾತು ಮಲಯಾಳಂನಲ್ಲೇ ಇರಲಿ. ಇಷ್ಟಾದರೂ ಬುದ್ಧಿ ಬಾರದ ಜನ! ಆದರೆ ಗುರುಗಳೆಂದು ವೇದಿಕೆಯಲ್ಲಿ ಕೂರಿಸಿದ್ದ ಸೋಮನ್ ಮಾಷ್ ಎದ್ದು ಮೈಕ್ ಹಿಡಿದರು. ತಲೆ ಪೂರ್ತಿ ನರೆತಿತ್ತು. ಮೆಟ್ಟಿಲ ಕೆಳಗೆ ನಿಂತಿದ್ದವಳನ್ನು ನೋಡಿ, 'ಏ'ಯನ್ನು ಜೋಪಾನವಾಗಿ ಎಳೆದು ಹೇಳಿದರು:

"ಏರಿ, ಪ್ರೇಮಲತಾ."

ಅವಳು ಕೆಳಗಿನಿಂದಲೇ ಮಾಷ್‌ಗೆ ಕೈಮುಗಿದಳು. ಮುಂದಿನ ಸಾಲಿನಿಂದ ಸಣ್ಣಮ್ಮ ಮೊಮ್ಮಗಳ ಬೆನ್ನಿಗೊಂದು ತಿವಿದಳು.

"ಈಗ ಕೊಟ್ಟ್ರು ನೋಡು ಮರ್ಯಾದೆ. ಏರವ್ವ."